ಮುಳ್ಳು ವಾಪಸ್ ಬರಬೇಕು

ಮೂರು ವರ್ಷ ನಾನು, ಗಿಟಾರಿನ ಶ್ರುತಿ ನಿಲ್ಲುತ್ತಿಲ್ಲ ಎಂದು ಬಂದವರಿಗೆಲ್ಲ, ಒಂದೇ ಸುಳ್ಳನ್ನು ದಿನಕ್ಕೆ ನಾಲ್ಕೈದು ಸಲ ಹೇಳಿ ಸಂಬಳ ತೆಗೆದುಕೊಂಡಿದ್ದೇನೆ. "ತಂತಿ ಹೊಸದು ಸಾರ್, ಒಗ್ಗಿಕೊಳ್ಳುತ್ತೆ." ವಾದ್ಯಗಳ ಅಂಗಡಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾರುವುದು ನನ್ನ ಕೆಲಸ. ನುಡಿಸಲು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ, ಯಾರೂ ಕೇಳಿಸಿಕೊಳ್ಳದಿದ್ದಾಗ ಬರುತ್ತದೆ ಎನ್ನಬೇಕು. ನಾಲ್ಕು ಸೆಕೆಂಡು ಜೋರಾಗಿ ಬಾರಿಸಿ, ಐದನೇ ಸೆಕೆಂಡಿಗೆ ಬಣ್ಣ ಬಯಲಾಗುವ ಮೊದಲೇ "ನೀವೇ ನೋಡಿ ಸಾರ್" ಎಂದು ಗಿರಾಕಿಯ ಕೈಗೆ ದಾಟಿಸಿಬಿಡುತ್ತೇನೆ. ಇಂಥವನನ್ನು ಕೆಲಸಕ್ಕೆ ಸೇರಿಸಿದ್ದು ನಮ್ಮತ್ತೆ. ನನ್ನಿಂದ ಅವಳಿಗೆ ಏನಾಯಿತು ಎನ್ನುವುದನ್ನು ಬರೆಯಲು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲಿ ಒಂದು ಪಾಲು ನನ್ನ ಮೇಲೆಯೇ.

ಅತ್ತೆ ಎಂದರೆ ಅಪ್ಪನ ಅಕ್ಕ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಉತ್ತರದ ಕಿಟಕಿಗೆ ಒರಗಿಸಿದ ಮೇಜಿನ ಮುಂದೆ ಹನ್ನೊಂದು ವರ್ಷ ಕೂತು ಗಿಟಾರ್ ರಿಪೇರಿ ಮಾಡಿದವಳು. ಎಲ್ಲರೂ ಅವಳನ್ನು 'ತಕ್ಕಡಿ ಮೇಡಂ' ಎನ್ನುತ್ತಿದ್ದರು. ಕಾರಣವಿದೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವಳು ದುಡಿದದ್ದು ತಕ್ಕಡಿ ರಿಪೇರಿಯ ಕಾರ್ಖಾನೆಯಲ್ಲಿ. ಔಷಧಿ ಅಂಗಡಿಯವರ, ಚಿನ್ನದ ಕೆಲಸದವರ, ಪ್ರಯೋಗಾಲಯದವರ ಸೂಕ್ಷ್ಮ ತಕ್ಕಡಿಗಳು. ದಂಡಿಯ ನಡುವೆ ಕತ್ತಿಯಂಥ ಒಂದು ಉಕ್ಕಿನ ಅಂಚು ಇರುತ್ತದಂತೆ. ಇಡೀ ತಕ್ಕಡಿ ಆ ಅಂಚಿನ ಮೇಲೆ ನಿಂತು ಆಡುತ್ತದೆ. ಅಂಚು ಕೂದಲೆಳೆಯಷ್ಟು ಮೊಂಡಾದರೂ ಮುಳ್ಳು ಸೊನ್ನೆಗೆ ವಾಪಸ್ ಬರುವುದಿಲ್ಲ. ರಿಪೇರಿ ಮಾಡಿದವರು ಚೀಟಿಯ ಮೇಲೆ ಸಹಿ ಹಾಕಬೇಕು, ಅಳತೆ-ತೂಕದ ಇನ್ಸ್‌ಪೆಕ್ಟರ್ ಪರೀಕ್ಷಿಸಿ ಸೀಲು ಒತ್ತಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವಳ ಸಹಿ ಇದ್ದ ಒಂದು ತಕ್ಕಡಿಯೂ ತಿರುಗಿ ಬಂದಿರಲಿಲ್ಲ. ಆಮೇಲೆ ಗುಂಡಿ ಒತ್ತಿದರೆ ಅಂಕಿ ತೋರಿಸುವ ತಕ್ಕಡಿಗಳು ಬಂದವು, ಕಾರ್ಖಾನೆ ಮುಚ್ಚಿತು.

ಮುಚ್ಚುವ ವಾರದಲ್ಲೇ ಒಬ್ಬ ಬಸ್ ಡ್ರೈವರ್ ಅಲ್ಲಿಗೆ ಒಂದು ಗಿಟಾರ್ ತಂದಿದ್ದನಂತೆ. ರಜೆಯ ದಿನಗಳಲ್ಲಿ ವಾದ್ಯಗೋಷ್ಠಿಯಲ್ಲಿ ನುಡಿಸುವವನು. ಯಾವುದೋ ಸಣ್ಣ ಸ್ಕ್ರೂ ಬೇಕಿತ್ತು, ಎಲ್ಲೂ ಸಿಕ್ಕಿರಲಿಲ್ಲ. ಅತ್ತೆ ಗಿಟಾರನ್ನು ತಿರುಗಿಸಿ ನೋಡಿದಳು. ತಂತಿಗಳ ಬುಡ ಸಿಕ್ಕಿಸುವ ಪಟ್ಟಿ, ಅಂದರೆ ಬ್ರಿಡ್ಜ್‌ಗೆ ಒಂದು ಲೋಹದ ಹಿಡಿ. ಒತ್ತಿದರೆ ತಂತಿಗಳೆಲ್ಲ ಸಡಿಲವಾಗಿ ಸ್ವರ ಕೆಳಗೆ ಜಾರುತ್ತದೆ. ಎಳೆದರೆ ಬಿಗಿಯಾಗಿ ಮೇಲೇರುತ್ತದೆ. ಬಿಟ್ಟರೆ ಹೊರಟ ಜಾಗಕ್ಕೇ ಬರಬೇಕು. ಮುಂದೆ ಆರು ತಂತಿ ಎಳೆಯುತ್ತವೆ, ಹಿಂದೆ ಹೊಟ್ಟೆಯೊಳಗೆ ಮೂರು ಸ್ಪ್ರಿಂಗ್ ಎಳೆಯುತ್ತವೆ, ನಡುವೆ ಎರಡು ಪುಟ್ಟ ಕಂಬಗಳಿಗೆ ಕತ್ತಿಯಂಚು ಕೊಟ್ಟುಕೊಂಡು ಬ್ರಿಡ್ಜ್ ತೇಲುತ್ತದೆ.

"ಅಯ್ಯೋ, ಇದೂ ತಕ್ಕಡಿನೇ ಅಲ್ವೇನಪ್ಪಾ! ಒಂದು ತಟ್ಟೇಲಿ ತಂತಿ, ಇನ್ನೊಂದು ತಟ್ಟೇಲಿ ಸ್ಪ್ರಿಂಗ್" ಎಂದಳಂತೆ.

ಡ್ರೈವರ್ ಆ ಮಾತನ್ನು ನಮ್ಮ ಯಜಮಾನರಿಗೆ ಹೇಳಿದ. ಯಜಮಾನರು ಅವಳಿಗೊಂದು ಮೇಜು ಕೊಟ್ಟರು.

ಅವಳಿಗೆ ಸಂಗೀತ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಶ್ರುತಿ ಅಳೆಯುವ ಟ್ಯೂನರ್ ಪೆಟ್ಟಿಗೆಯ ಮುಳ್ಳು ಗೊತ್ತು, ಅಷ್ಟೇ. ಬ್ರಿಡ್ಜ್‌ಗಳ ಬಗ್ಗೆ ಮಾತ್ರ ನೆಂಟರ ಮನೆಯ ಹೆಣ್ಣುಮಕ್ಕಳ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದಳು. ಉರುಳೆಗೆ ತಂತಿ ಸುತ್ತಿ ಮೇಲೊಂದೇ ಸ್ಪ್ರಿಂಗ್ ಇಟ್ಟ ಹಳೇ ನಮೂನೆ "ಸಮಾಧಾನಿ. ಹೆಚ್ಚು ಕೇಳಬೇಡ, ಕೊಟ್ಟಷ್ಟು ತಗೋ." ಆರು ಸ್ಕ್ರೂಗಳ ಮೇಲೆ ಕೂರುವ ನಮೂನೆಯದು "ಒಟ್ಟು ಕುಟುಂಬ. ಆರರಲ್ಲಿ ಒಬ್ಬ ಬಿಗಿದುಕೊಂಡ್ರೆ ಮನೇನೇ ಅಲ್ಲಾಡಲ್ಲ." ನಡುವಿನ ನಾಲ್ಕನ್ನು ಒಂಚೂರು ಸಡಿಲಿಸಿ ಅವಳು ಎಷ್ಟೋ ಸಂಸಾರಗಳನ್ನು ಸರಿಮಾಡಿದ್ದಾಳೆ. ಎರಡೂ ತುದಿಯಲ್ಲಿ ತಂತಿಯನ್ನು ಬೀಗ ಹಾಕಿದಂತೆ ಬಿಗಿಯುವ ನಮೂನೆಯ ಮೇಲೆ ಅವಳಿಗೆ ಪ್ರೀತಿ. ಅಲ್ಲಿ ಬಿರಡೆ ಜಾರಿತು, ತಂತಿ ಸಿಕ್ಕಿಕೊಂಡಿತು ಎನ್ನುವ ನೆಪಗಳಿಲ್ಲ. "ಎರಡೂ ಬಾಗಿಲಿಗೆ ಚಿಲಕ ಹಾಕಿದ ಮೇಲೆ ಕಳ್ಳ ಒಳಗೇ ಇರಬೇಕು ಕಣೋ" ಎನ್ನುತ್ತಿದ್ದಳು. ಒಳಗೆ ಎಂದರೆ ಆ ಕತ್ತಿಯಂಚು.

ಪರೀಕ್ಷೆಯೂ ತಕ್ಕಡಿಯದೇ. ಹಿಡಿ ಹನ್ನೆರಡು ಸಲ ಒತ್ತಿ ಬಿಡು, ಮುಳ್ಳು ನೋಡು. ಹನ್ನೆರಡು ಸಲ ಎಳೆದು ಬಿಡು, ಮುಳ್ಳು ನೋಡು. ಎರಡೂ ಕಡೆಯಿಂದ ಒಂದೇ ಜಾಗಕ್ಕೆ ಬಂದರೆ ಮಾತ್ರ ಸಣ್ಣ ಕಾರ್ಡಿನ ಮೇಲೆ ತಾರೀಖು ಬರೆದು, ಸಹಿ ಹಾಕಿ, ದಾರದಲ್ಲಿ ಗಿಟಾರಿನ ಕುತ್ತಿಗೆಗೆ ಕಟ್ಟುವಳು. ಬಾರದಿದ್ದರೆ ಕಾರ್ಡಿಲ್ಲ. ನಾನು "ಗಿರಾಕಿ ಕಾಯ್ತಿದಾರೆ ಅತ್ತೆ" ಎಂದು ಬಾಗಿಲಲ್ಲಿ ನಿಂತು ಕುಣಿದರೂ ಇಲ್ಲ.

"ಕಾಯೋಕೆ ಕುರ್ಚಿ ಇದೆ. ತಪ್ಪು ಸಹಿಗೆ ನನ್ನ ಹತ್ರ ಏನಿದೆ?"

ಹೋದ ವರ್ಷ ನಮ್ಮ ಅಂಗಡಿಗೆ ಏಜೆನ್ಸಿ ಕೊಟ್ಟಿದ್ದ ದೊಡ್ಡ ಗಿಟಾರ್ ಕಂಪನಿ ಒಂದು ಹೊಸ ಮಾದರಿ ಕಳಿಸಿತು. ಬೀಗದ ಬ್ರಿಡ್ಜ್, ಕಡುನೀಲಿ ಬಣ್ಣ, ಕಣ್ಣು ಕುಕ್ಕುವ ಹೊಳಪು. ಮಾರುವುದು ನನಗೂ ಸುಲಭವಾಗಿತ್ತು ಎಂದರೆ ಉಳಿದದ್ದು ನೀವೇ ಊಹಿಸಿಕೊಳ್ಳಿ. ಅಂಗಡಿಗೆ ಬಂದಾಗ ಎಲ್ಲವೂ ಅತ್ತೆಯ ಪರೀಕ್ಷೆಯಲ್ಲಿ ಪಾಸಾದವು. ಅವಳು ಸಹಿ ಹಾಕಿದಳು. ಎರಡು ತಿಂಗಳಿಗೆ ಒಂದೊಂದಾಗಿ ವಾಪಸ್ ಬರತೊಡಗಿದವು. ಮೊದಲು ಬಂದವನು ಅದೇ ಬಸ್ ಡ್ರೈವರ್.

"ಹಾಡಿನ ಮಧ್ಯೆ ಹಿಡಿ ಒತ್ತಿದೆ ಮೇಡಂ. ಅಲ್ಲಿಂದ ಮುಂದೆ ಹಾಡೋರು ಒಂದು ಊರಲ್ಲಿ, ನಾನು ಇನ್ನೊಂದು ಊರಲ್ಲಿ. ಜನ ನಕ್ಕುಬಿಟ್ರು."

ನಾನು ಬಾಯಿಗೆ ಬಂದದ್ದನ್ನು ಅಂದೆ. "ತಂತಿ ಹೊಸದು ಸಾರ್..."

"ಬಾಯ್ಮುಚ್ಚು" ಎಂದಳು ಅತ್ತೆ, ನನ್ನ ಕಡೆ ನೋಡದೆ.

ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬ್ರಿಡ್ಜ್ ಬಿಚ್ಚಿ ನೋಡಿದಳು. ನನ್ನನ್ನೂ ಕರೆದು ತೋರಿಸಿದಳು. ಬ್ಲೇಡಿನ ಹಾಗಿರಬೇಕಾದ ಅಂಚು ಸವೆದ ಚಪ್ಪಲಿಯ ಹಿಮ್ಮಡಿಯ ಹಾಗೆ ಚಪ್ಪಟೆಯಾಗಿತ್ತು. ಲೋಹ ಮೆದು. ಎರಡು ತಿಂಗಳ ಒತ್ತಡಕ್ಕೇ ಕಂಬದ ಗುರುತು ಅದರ ಮೇಲೆ ಬಿದ್ದಿತ್ತು. ಇಂಥ ಅಂಚು ಒತ್ತಿ ಬಿಟ್ಟಾಗ ಒಂದು ಕಡೆ ಒರಗಿ ನಿಲ್ಲುತ್ತದೆ, ಎಳೆದು ಬಿಟ್ಟಾಗ ಇನ್ನೊಂದು ಕಡೆ. ಅವಳು ಒಂದು ಪುಟದ ವರದಿ ಬರೆದಳು. ಅದನ್ನು ಕಂಪನಿಯ ಫಾರಂಗೆ ಇಳಿಸಿ ಕಳಿಸಬೇಕಾದವನು ನಾನು. ಫಾರಂನಲ್ಲಿ ಕಾರಣಕ್ಕೆ ಎರಡೇ ಮನೆಗಳಿದ್ದವು: 'ಬಳಕೆಯ ದೋಷ', 'ಜೋಡಣೆಯ ದೋಷ'. ತಯಾರಿಕೆಯ ದೋಷ ಎಂಬ ಮನೆಯೇ ಇಲ್ಲ. ಎಂಥ ಜಾಣರು ನೋಡಿ, ತಪ್ಪು ಮಾಡುವ ಹಕ್ಕನ್ನು ಬೇರೆಯವರಿಗೇ ಮೀಸಲಿಟ್ಟುಬಿಟ್ಟಿದ್ದರು. ಸಾಲು ಗೀಚಿ ಮೂರನೇ ಮನೆ ಬರೆಯಬಹುದಿತ್ತು. ನಾನು ಬರೆಯಲಿಲ್ಲ. ದುಂಡನೆಯ ಅಕ್ಷರದಲ್ಲಿ 'ಬಳಕೆಯ ದೋಷ' ಎಂದು ತುಂಬಿದೆ. ಅತ್ತೆಯ ವರದಿಯನ್ನು ಹಿಂದೆ ಪಿನ್ನು ಹಾಕಿ, ಕರ್ತವ್ಯ ಮುಗಿಯಿತು ಎಂದು ಚಹಾ ಕುಡಿಯಲು ಹೋದೆ.

ಮೂವತ್ತೊಂದು ಗಿಟಾರ್ ವಾಪಸ್ ಬಂದ ಮೇಲೆ ಕಂಪನಿಯಿಂದ ಉತ್ತರ ಬಂತು. ಇಷ್ಟು ಜನ ಬಳಸುವುದರಲ್ಲಿ ತಪ್ಪುವುದಿಲ್ಲವಾದ್ದರಿಂದ ತಪ್ಪು ಜೋಡಣೆಯದೇ ಇರಬೇಕು. ಮೂವತ್ತೊಂದಕ್ಕೂ ಒಬ್ಬರದೇ ಸಹಿ ಇರುವುದರಿಂದ ತಪ್ಪೂ ಆ ಒಬ್ಬರದೇ. ಜೊತೆಗೆ ಟೈಪು ಮಾಡಿದ ಒಂದು ಪತ್ರ: 'ಜೋಡಿಸುವಾಗ ನನ್ನಿಂದಾದ ಲೋಪದಿಂದ ಶ್ರುತಿ ನಿಲ್ಲುತ್ತಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.' ಕೆಳಗೆ ಅತ್ತೆಯ ಸಹಿಗೆ ಚುಕ್ಕಿಗಳ ಸಾಲು.

ಯಜಮಾನರು ಅದನ್ನು ಅವಳ ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು. ಕೆಟ್ಟವರಲ್ಲ. ಆದರೆ ಕನ್ನಡಕ ಒರೆಸಿಕೊಂಡೇ ಅರ್ಧ ಆಯುಷ್ಯ ಕಳೆದವರು.

"ಒಂದು ಸಹಿ ಅಷ್ಟೇ ಅಮ್ಮಾ. ಅವರ ಏಜೆನ್ಸಿ ಉಳಿಯುತ್ತೆ, ನಿಮ್ಮ ಮೇಜೂ ಉಳಿಯುತ್ತೆ. ಯಾರೂ ನಿಮ್ಮನ್ನ ಏನೂ ಅನ್ನಲ್ಲ."

"ಅವರು ಯಾಕೆ ಅನ್ನಬೇಕು ಯಜಮಾನ್ರೇ? ನಾನೇ ಅಂದುಕೊಂಡ ಹಾಗಾಯ್ತಲ್ಲ."

"ಹಾಗಲ್ಲಮ್ಮಾ..."

"ಕಂಪನಿಯವರು ಬರಲಿ. ಇಲ್ಲೇ, ಅವರ ಕಣ್ಣೆದುರಿಗೇ ಒತ್ತಿ ಎಳೆದು ತೋರಿಸ್ತೀನಿ. ಮುಳ್ಳು ವಾಪಸ್ ಬಂತೋ, ಸಹಿ ಹಾಕ್ತೀನಿ. ಇಲ್ಲವೋ, ಪತ್ರ ಅವರೇ ಇಟ್ಕೊಳ್ಳಲಿ."

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕಂಪನಿಯ ಪ್ರತಿನಿಧಿ ಬರುವುದೆಂದಾಯಿತು. ವಾಪಸ್ ಬಂದವುಗಳಲ್ಲಿ ಯಾವುದನ್ನು ಪರೀಕ್ಷಿಸಬೇಕೆಂದು ಆತನೇ ಸಂಖ್ಯೆ ಹೇಳಿ ಕಳಿಸಿದ. ಮಂಗಳವಾರ ಅತ್ತೆ ಅದಕ್ಕೆ ಹೊಸ ತಂತಿ ಹಾಕಿ, ಎಳೆದು ಎಳೆದು ಒಗ್ಗಿಸಿ, ತೇಲುವ ಮಟ್ಟ ನೋಡಿ ಮುಚ್ಚಿಟ್ಟಳು.

ಇಲ್ಲಿಂದ ಮುಂದಿನದು ನನ್ನ ಬುದ್ಧಿವಂತಿಕೆ.

ಮೂರು ವರ್ಷ ಗಿಟಾರ್ ಮಾರಿದವನ ತಲೆಗೆ ಪರೀಕ್ಷೆ ಎಂದರೆ ಒಂದೇ ಅರ್ಥ: ಗಿರಾಕಿಯ ಮುಂದೆ ಶ್ರುತಿ ನಿಲ್ಲಬೇಕು. ನಿಂತರೆ ನಮಗೆ ಜಯ. ಕಂಪನಿಯವನ ಮುಂದೆ ಅತ್ತೆ ಮುಟ್ಟಿದ ಗಿಟಾರಿನ ಶ್ರುತಿ ಹೋದರೆ ಅವಳ ಮಾನ ಹೋಗುವುದಿಲ್ಲವೇ? ಇಲ್ಲಿ ಶ್ರುತಿ ಹೋಗುವುದೇ ಅವಳ ವಾದ ಎನ್ನುವಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಯೊಳಗೆ ಹೋಗಲೇ ಇಲ್ಲ. ತೇಲುವ ಬ್ರಿಡ್ಜಿನ ಹಿಂದೆ ಮರದ ತುಂಡು ಕೊಟ್ಟರೆ ಅದು ಗೋಡೆಗೆ ಒರಗಿದಂತೆ ನಿಂತುಬಿಡುತ್ತದೆ. ಕೆಳಗೆ ಒತ್ತಬಹುದು, ಮೇಲೆ ಎಳೆಯಲಾಗುವುದಿಲ್ಲ, ಬಿಟ್ಟರೆ ತಪ್ಪದೆ ವಾಪಸ್ ಬರುತ್ತದೆ. ಆ ಉಪಾಯ ಗೊತ್ತಿದ್ದದ್ದೂ ಅತ್ತೆಯಿಂದಲೇ. ಬುಧವಾರ ಬೆಳಿಗ್ಗೆ ಅವಳು ಬರುವ ಮೊದಲೇ ಹಿಂದಿನ ಮುಚ್ಚಳ ಬಿಚ್ಚಿ, ಪ್ಯಾಕಿಂಗ್ ಪೆಟ್ಟಿಗೆಯ ಮರದ ಚೂರೊಂದನ್ನು ತುರುಕಿದೆ. ಸ್ವಲ್ಪ ಸಡಿಲವಾಯಿತು. ಕೈಗೆ ಸಿಕ್ಕ ಕಾಗದವನ್ನು ಮಡಚಿ ಸುತ್ತಿದೆ. ಬಿಗಿಯಾಗಿ ಕೂತಿತು. ಸ್ಪ್ರಿಂಗ್ ಎರಡು ಸುತ್ತು ಬಿಗಿದು ಮುಚ್ಚಳ ಹಾಕಿ, ಶ್ರುತಿ ಕೂಡಿಸಿ, ಅತ್ತೆಯ ಋಣ ತೀರಿಸಿದವನ ಹಾಗೆ ಎದೆಯುಬ್ಬಿಸಿ ಕೂತೆ.

ಪ್ರತಿನಿಧಿ ಕೋಟು ಹಾಕಿಕೊಂಡು ಬಂದ. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು, ಮಾತಿನಲ್ಲಿ ನಲವತ್ತು. ಬಸ್ ಡ್ರೈವರನ್ನು ಅತ್ತೆಯೇ ಸಾಕ್ಷಿಗೆ ಕರೆಸಿದ್ದಳು. ಯಜಮಾನರು ಕನ್ನಡಕ ಒರೆಸುತ್ತಾ ನಿಂತರು. ಅತ್ತೆ ಟ್ಯೂನರ್ ಇಟ್ಟು, ಮುಳ್ಳು ನಡುಗೆರೆಯಲ್ಲಿ ಇರುವುದನ್ನು ತೋರಿಸಿ, ಹಿಡಿಯನ್ನು ಒತ್ತಿ ಬಿಟ್ಟಳು.

ಮುಳ್ಳು ವಾಪಸ್ ಬಂತು.

ಮತ್ತೆ ಒತ್ತಿದಳು. ಬಂತು. ಹನ್ನೆರಡು ಸಲವೂ ನಡುಗೆರೆಗೆ ಬಂದು ಕೂತಿತು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಆಮೇಲೆ ಅತ್ತೆಯ ಮುಖ ನೋಡಿದೆ. ಕುಣಿತ ನಿಂತಿತು. ತನ್ನ ಕೈಯನ್ನೇ ನಂಬದವಳ ಹಾಗೆ ಅವಳು ಹಿಡಿಯನ್ನು ನೋಡುತ್ತಿದ್ದಳು.

"ಸೊಗಸಾಗಿದೆಯಲ್ಲ ಮೇಡಂ!" ಎಂದ ಪ್ರತಿನಿಧಿ. "ಬ್ರಿಡ್ಜ್ ಸರಿ ಇದೆ. ಈ ಸಲ ನೀವು ಸರಿಯಾಗಿ ಜೋಡಿಸಿದ್ರಿ, ನಿಲ್ತು. ಪೆನ್ನು ಕೊಡ್ಲಾ?"

"ಇನ್ನೂ ಎಳೆದಿಲ್ಲ" ಎಂದಳು ಅತ್ತೆ.

ಎಳೆದಳು. ಹಿಡಿ ಮೇಲೆ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಗಿಟಾರನ್ನು ಬೋರಲು ಹಾಕಿ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದಳು. ಮರದ ಚೂರು ಹೊರಗೆ ಬಂತು.

"ಓಹೋ! ಒಳಗೆ ಇಂಥ ಕಟ್ಟಿಗೆ ತುರುಕಿದ್ರೆ ಗಿಟಾರ್ ಹಾಳಾಗದೆ ಇನ್ನೇನಾಗುತ್ತೆ? ನೋಡಿ ಸಾರ್, ನಿಮ್ಮ ಹಿಂದಿನ ಕೋಣೇಲಿ ನಡೆಯೋದು ಇದು. ಮೂವತ್ತೊಂದಕ್ಕೂ ಇದೇ ವೈದ್ಯ ಆಗಿರುತ್ತೆ."

"ಏನಮ್ಮಾ ಇದು?" ಎಂದರು ಯಜಮಾನರು.

ಅತ್ತೆ ಚೂರಿಗೆ ಸುತ್ತಿದ್ದ ಕಾಗದವನ್ನು ಬಿಡಿಸಿದಳು. ಕಂಪನಿಗೆ ಕಳಿಸಿದ ಫಾರಂನ ಅಂಗಡಿಯಲ್ಲುಳಿದ ಕಾರ್ಬನ್ ಪ್ರತಿ. ಅದರ ಮೇಲೆ ದುಂಡನೆಯ ಅಕ್ಷರದಲ್ಲಿ 'ಬಳಕೆಯ ದೋಷ'. ಆ ಅಕ್ಷರ ಯಾರದೆಂದು ಅವಳಿಗೆ ಗೊತ್ತಿರದೆ ಇರುತ್ತದೆಯೇ? ನನಗೆ ಅಕ್ಷರ ತಿದ್ದಿಸಿದವಳೇ ಅವಳು. ಕಾಗದವನ್ನು ಮತ್ತೆ ಹಾಗೆಯೇ ಮಡಚಿ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಕಡೆ ತಿರುಗಲೂ ಇಲ್ಲ. ನನ್ನ ಕೆಲಸ ಉಳಿಸಲು ಕಳ್ಳಿ ಎನಿಸಿಕೊಂಡು ಅಲ್ಲಿ ನಿಂತಿದ್ದಳು.

ನಾನು ತಕ್ಷಣ ಬಾಯಿಬಿಟ್ಟೆ ಎಂದು ಬರೆಯಲು ಆಸೆ. ಬಿಡಲಿಲ್ಲ. ಪ್ರತಿನಿಧಿ 'ವಯಸ್ಸಾದವರು' ಎಂದ, 'ತಕ್ಕಡಿ ರಿಪೇರಿಯವರ ಕೈಗೆ ವಾದ್ಯ ಕೊಟ್ಟರೆ' ಎಂದ, 'ಇದೆಲ್ಲ ಬರೆದು ಕಳಿಸ್ತೀನಿ' ಎಂದ. ಅಷ್ಟನ್ನೂ ನಾನು ಗೋಡೆಗಂಟಿದ ಕ್ಯಾಲೆಂಡರಿನ ಹಾಗೆ ಕೇಳಿಸಿಕೊಂಡೆ. ಅತ್ತೆ ಚೂರನ್ನು ಮೇಜಿನ ಮೂಲೆಗೆ ಸರಿಸಿದಳು. ಆ ಸಣ್ಣ ಸದ್ದಿಗೆ ನನ್ನ ಬಾಯಿ ತೆರೆಯಿತು.

"ಅದು ನಾನಿಟ್ಟಿದ್ದು."

"ಏನು?"

"ಅತ್ತೆಗೆ ಗೊತ್ತಿಲ್ಲ ಸಾರ್. ಇವತ್ತು ಬೆಳಿಗ್ಗೆ ನಾನೇ ಇಟ್ಟೆ. ಶ್ರುತಿ ನಿಲ್ಲಲಿ ಅಂತ. ಕಾಗದ ನೋಡಿ ಬೇಕಾದ್ರೆ, ನನ್ನ ಅಕ್ಷರ."

ಡ್ರೈವರ್ ಬಿದ್ದು ಬಿದ್ದು ನಕ್ಕ. "ಅಲ್ಲಪ್ಪಾ, ಅತ್ತೇನ ಗೆಲ್ಸೋಕೆ ಹೋಗಿ ಕಂಪನೀನ ಗೆಲ್ಸ್ತಿದ್ದೆಯಲ್ಲೋ! ನಮ್ಮ ಬಸ್ಸಿಗೆ ನೀನು ಕಂಡಕ್ಟರ್ ಆಗಿದ್ರೆ ನಾನು ದಿನಾ ಡಿಪೋನಲ್ಲೇ ಇರ್ತಿದ್ದೆ."

"ಸ್ಪ್ರಿಂಗ್ ಎಷ್ಟು ಸುತ್ತು ಬಿಗಿದೆ?" ಎಂದು ಕೇಳಿದಳು ಅತ್ತೆ. ಬೈಗುಳವಿಲ್ಲ, ಏನಿಲ್ಲ.

"ಎರಡು."

ಎರಡು ಸುತ್ತು ಸಡಿಲಿಸಿದಳು. ಮತ್ತೆ ಶ್ರುತಿ ಕೂಡಿಸಿ, ಎರಡೂ ತುದಿಯ ಬೀಗ ಬಿಗಿದಳು. ಒತ್ತಿ ಬಿಟ್ಟಳು, ಮುಳ್ಳು ನಡುಗೆರೆ ದಾಟಿ ಏಳು ಗೆರೆ ಆಚೆ ನಿಂತಿತು. ಎಳೆದು ಬಿಟ್ಟಳು, ಆರು ಗೆರೆ ಈಚೆ. ಹನ್ನೆರಡು ಸಲವೂ ಅದೇ ನಾಟಕ. ನಂತರ ಗೋಡೆಯಿಂದ ಒಂಬತ್ತು ವರ್ಷದ ಹಳೆಯ ಗಿಟಾರೊಂದನ್ನು ಇಳಿಸಿದಳು. ಅದೂ ಬೀಗದ ನಮೂನೆಯೇ, ಆದರೆ ಗಟ್ಟಿ ಉಕ್ಕಿನ ಅಂಚು. ಅದೇ ತಂತಿ, ಅದೇ ಕೈ. ಒತ್ತಿದರೂ ಎಳೆದರೂ ಮುಳ್ಳು ಮನೆಗೆ ಬರುವ ಹಸುವಿನ ಹಾಗೆ ನಡುಗೆರೆಗೆ ಬಂತು.

"ನನ್ನ ಕೈಯೇ ತಪ್ಪಾಗಿದ್ರೆ ಇದೂ ತಪ್ಪಬೇಕಿತ್ತಲ್ವಾ ಸ್ವಾಮಿ?"

ಪ್ರತಿನಿಧಿ ಕೋಟಿನ ಗುಂಡಿ ಹಾಕಿಕೊಂಡ. "ಆರು ಏಳು ಗೆರೆ ಎಲ್ಲಾ ಕಿವಿಗೆ ಗೊತ್ತಾಗಲ್ಲ ಮೇಡಂ. ಅಷ್ಟು ಸಹಜ."

"ನನ್ನ ಕಿವಿಗೆ ಗೊತ್ತಾಯ್ತು. ಸಭೇಲಿ ಕೂತ ಮುನ್ನೂರು ಜನಕ್ಕೂ ಗೊತ್ತಾಯ್ತು" ಎಂದ ಡ್ರೈವರ್.

"ತಕ್ಕಡಿ ಇಷ್ಟು ತಪ್ಪಿದ್ದಿದ್ರೆ, ಅಷ್ಟು ಸಹಜ ಅಂತ ಇನ್ಸ್‌ಪೆಕ್ಟರ್ ಮುಂದೆ ಹೇಳೋಕಾಗ್ತಿತ್ತಾ?" ಎಂದಳು ಅತ್ತೆ. "ಸೀಲು ಕಿತ್ಕೊಂಡು ಹೋಗ್ತಿದ್ರು. ನಿಮಗೆ ಸೀಲೂ ಇಲ್ಲ, ಇನ್ಸ್‌ಪೆಕ್ಟರೂ ಇಲ್ಲ. ಅದಕ್ಕೇ ನನ್ನ ಸಹಿ ಬೇಕಾಯ್ತು."

ಇಷ್ಟಾದ ಮೇಲೂ ಆತ ಪತ್ರವನ್ನು ಯಜಮಾನರ ಕಡೆಗೆ ತಳ್ಳಿದ. "ಸಹಿ ಬೇಕು ಸಾರ್. ಇಲ್ಲಾಂದ್ರೆ ಏಜೆನ್ಸಿ ವಿಷಯ ನಾನೇನೂ ಮಾಡೋಕಾಗಲ್ಲ." ಕಣ್ಣಾರೆ ಕಂಡದ್ದು ಅವನ ಕೋಟಿಗೆ ಒಂದು ಧೂಳಿನಷ್ಟೂ ಅಂಟಿರಲಿಲ್ಲ. ಯಜಮಾನರು ಕನ್ನಡಕ ಒರೆಸಿದರು. ಒರೆಸಿ ಒರೆಸಿ, ಅತ್ತೆಯ ಕಡೆ ನೋಡದೆ ಹೇಳಿದರು:

"ಹಾಕಿಬಿಡಿ ಅಮ್ಮಾ. ಇಲ್ಲಾಂದ್ರೆ ಮೇಜು..."

ಮಾತು ಮುಗಿಸುವಷ್ಟು ಧೈರ್ಯವೂ ಅವರಿಗಿರಲಿಲ್ಲ. ಅತ್ತೆ ಪತ್ರ ತೆಗೆದುಕೊಂಡಳು, ತಿರುವಿದಳು, ಬಿಳಿಯ ಬೆನ್ನಿನ ಮೇಲೆ ಬರೆದಳು: 'ಒತ್ತಿದಾಗ ಏಳು ಮೇಲೆ. ಎಳೆದಾಗ ಆರು ಕೆಳಗೆ. ಅಂಚು ಮೆದು.' ತಾರೀಖು ಹಾಕಿ, ಅದರ ಕೆಳಗೆ ತನ್ನ ಪೂರ್ತಿ ಸಹಿ ಹಾಕಿ ಪ್ರತಿನಿಧಿಯ ಕೈಗೆ ಕೊಟ್ಟಳು. ಮಸೂರ, ಎರಡು ಅರ, ಸಣ್ಣ ಸ್ಕ್ರೂಡ್ರೈವರ್‌ಗಳ ಸುರುಳಿ ಅವಳ ಸ್ವಂತದವು. ಅವನ್ನು ಚೀಲಕ್ಕೆ ಹಾಕಿಕೊಂಡಳು. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಹನ್ನೊಂದು ವರ್ಷಕ್ಕೆ ಹತ್ತು ನಿಮಿಷ ಸಾಕಾಯಿತು. ಡ್ರೈವರ್ ಚೀಲ ಹಿಡಿದುಕೊಂಡು ಅವಳ ಜೊತೆ ಹೊರಟ.

ನಾನೂ ಹೊರಟೆ ಎಂದುಕೊಂಡಿರಾ? ರಾಜೀನಾಮೆಯನ್ನು ಮೂರು ಸಲ ಬರೆದೆ, ಮೂರು ಸಲವೂ ಒಕ್ಕಣೆ ಚೆನ್ನಾಗಿಲ್ಲವೆಂದು ಹರಿದೆ. ಅತ್ತೆಗೆ ಹೇಳಿದರೆ, "ಬಿಟ್ಟು ಏನ್ ಮಾಡ್ತೀಯಾ? ಅಲ್ಲೇ ಇದ್ದು ನಿಜ ಹೇಳು, ಅದು ಇನ್ನೂ ಕಷ್ಟ" ಎಂದಳು. ಅಂದಿನಿಂದ ಆ ಒಂದು ಸುಳ್ಳು ಬಿಟ್ಟಿದ್ದೇನೆ. ಫಾರಂನಲ್ಲಿ ಗೀಚಿ ಮೂರನೇ ಮನೆ ಬರೆಯುತ್ತೇನೆ. ಶ್ರುತಿ ನಿಲ್ಲದವರನ್ನು ಅತ್ತೆಯ ಮನೆಗೆ ಕಳಿಸುತ್ತೇನೆ. ಮುಂದಿನ ಕೋಣೆಯ ಕಿಟಕಿಗೆ ಊಟದ ಮೇಜನ್ನೇ ಒರಗಿಸಿಕೊಂಡು ಕೂತಿದ್ದಾಳೆ. ಯಜಮಾನರಿಗೆ ಇದು ಗೊತ್ತು. ಗೊತ್ತಾದಾಗಲೆಲ್ಲ ಕನ್ನಡಕ ಒರೆಸಿಕೊಳ್ಳುತ್ತಾರೆ.

ಈ ವರ್ಷ ಅದೇ ಕಂಪನಿಯ ಹೊಸ ಮಾದರಿ ಬಂದಿದೆ. ಜೊತೆಗೆ ಮಿರಿಮಿರಿ ಮಿಂಚುವ ಕರಪತ್ರ: 'ನಮ್ಮ ತಜ್ಞರ ಸಂಶೋಧನೆ! ಗಟ್ಟಿ ಉಕ್ಕಿನ ಅಂಚು! ಹನ್ನೆರಡು ಬಾರಿ ಒತ್ತಿ, ಹನ್ನೆರಡು ಬಾರಿ ಎಳೆದು ಪರೀಕ್ಷಿಸಿದ್ದು!' ಓದಿ ನನ್ನ ಕಿವಿ ಬಿಸಿಯಾಯಿತು. ಹನ್ನೆರಡು! ಆ ಸಂಖ್ಯೆಯನ್ನಾದರೂ ಬದಲಿಸುವ ನಾಚಿಕೆ ಬೇಡವೇ? ಮೂವತ್ತೊಂದು ಜನರಿಗೆ ಒಂದು ಕ್ಷಮೆಯ ಸಾಲಿಲ್ಲ, ಒಬ್ಬಳ ಮೇಜಿನ ಬಗ್ಗೆ ಒಂದು ಅಕ್ಷರವಿಲ್ಲ. ಡ್ರೈವರ್ ಹೊಸತೊಂದನ್ನು ಕೊಂಡಿದ್ದ. ಅವನ ಜೊತೆ ಕರಪತ್ರ ಹಿಡಿದುಕೊಂಡು ಅತ್ತೆಯ ಮನೆಗೆ ಹೋದೆ. ಅವಳು ಕರಪತ್ರವನ್ನು ಒಂದು ಸಲ ಓದಿ, ಅದರ ಮೇಲೆ ಸ್ಕ್ರೂಗಳನ್ನು ಬಿಚ್ಚಿಟ್ಟುಕೊಂಡಳು. ಮಸೂರದಲ್ಲಿ ಅಂಚು ನೋಡಿದಳು. ಮತ್ತೆ ಜೋಡಿಸಿ ಒತ್ತಿದಳು, ಎಳೆದಳು, ಎಣಿಸಿದಳು. ಡ್ರಾಯರಿನಿಂದ ಒಂದು ಕಾರ್ಡು ತೆಗೆದು ಸಹಿ ಹಾಕಿ ದಾರ ಕಟ್ಟತೊಡಗಿದಳು.

"ಅತ್ತೆ! ಅವರ ಗಿಟಾರಿಗೆ ನಿನ್ನ ಸಹಿನಾ? ಇಷ್ಟೆಲ್ಲಾ ಆದ್ಮೇಲೂ?"

"ಮುಳ್ಳು ವಾಪಸ್ ಬಂತಲ್ಲೋ."

"ಬಂದ್ರೆ? ಅವರು ಮಾಡಿದ್ದು..."

"ಅವರು ಮಾಡಿದ್ದಕ್ಕೆ ನಾನು ಸಹಿ ಹಾಕಿಲ್ಲ, ಆವತ್ತೂ ಹಾಕಿಲ್ಲ" ಎಂದು ಗಂಟು ಬಿಗಿದಳು. "ಈ ದಾರದ ತುದಿ ಕತ್ತರಿಸು. ಮತ್ತೆ ಎರಡು ತಿಂಗಳಾದ ಮೇಲೆ ಇದನ್ನ ತಗೊಂಡು ಬನ್ನಿ ಅಂತ ಇವರಿಗೆ ಹೇಳು. ಆಗ ಅಂಚು ಇನ್ನೊಂದ್ಸಲ ನೋಡ್ಬೇಕು."

ನಾನು ದಾರ ಕತ್ತರಿಸಿದೆ. ಡ್ರೈವರ್ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಕೊಂಡ.